ಬೆಟ್ಟ ಎಣಿಸುವವರ ಒಂದು ವರ್ಷ

2012ರಲ್ಲಿ ಸ್ಕಾಟ್ಲೆಂಡ್‌ನ ಒಂದು ಬೆಟ್ಟ ತನ್ನ ಪದವಿ ಕಳೆದುಕೊಂಡಿತು. ಹೆಸರು ಬೆನ್ ಅ ಖ್ಲೈವ್. ಗೇಲಿಕ್ ಭಾಷೆಯಲ್ಲಿ ಕತ್ತಿಯ ಬೆಟ್ಟ ಅಂತ ಅರ್ಥ. ಅಳತೆಯವರು ಜಿಪಿಎಸ್ ಉಪಕರಣ ಹೊತ್ತುಕೊಂಡು ಮೇಲೆ ಹತ್ತಿ ಅಳೆದರು. 913.96 ಮೀಟರ್ ಬಂತು. ಬೇಕಿದ್ದದ್ದು 914.4. ಅಂದರೆ 44 ಸೆಂಟಿಮೀಟರ್ ಕಮ್ಮಿ. ಹೆಚ್ಚುಕಮ್ಮಿ ಮೊಣಕಾಲುದ್ದ. ಬೆಟ್ಟ ಎಲ್ಲಿತ್ತೋ ಅಲ್ಲೇ ಇದೆ, ಒಂದು ಕಲ್ಲೂ ಉರುಳಿಲ್ಲ. ಆದರೆ ಸ್ಕಾಟ್ಲೆಂಡ್‌ನ ಎತ್ತರದ ಬೆಟ್ಟಗಳ ಪಟ್ಟಿಯಲ್ಲಿ 283 ಇದ್ದದ್ದು 282 ಆಯಿತು.

ಇದರಿಂದ ಯಾರಿಗೆ ಏನಾಗಬೇಕು ಅಂತೀರಾ? ಬಹಳ ಜನಕ್ಕೆ ಆಗುತ್ತದೆ. ಬೆಟ್ಟ ಹತ್ತುವುದನ್ನು ಲೆಕ್ಕ ಇಟ್ಟು ಮಾಡುವವರು ಸ್ಕಾಟ್ಲೆಂಡ್‌ನಲ್ಲಿ ಸಾವಿರಗಟ್ಟಲೆ ಇದ್ದಾರೆ. ಅದಕ್ಕೆ ‘ಬ್ಯಾಗಿಂಗ್’ ಅನ್ನುತ್ತಾರೆ. ಒಂದೊಂದೇ ಬೆಟ್ಟವನ್ನು ಚೀಲಕ್ಕೆ ಹಾಕಿಕೊಂಡ ಹಾಗೆ. ತುದಿಯಲ್ಲಿರುವ ಕಲ್ಲುಗುಡ್ಡೆ ಮುಟ್ಟಿ ಬಂದರೆ ಮನೆಯಲ್ಲಿರುವ ಪಟ್ಟಿಯಲ್ಲಿ ಒಂದು ಟಿಕ್. ಎಲ್ಲ ಮುಗಿಸಲು ಕೆಲವರಿಗೆ ಹತ್ತು ವರ್ಷ ಬೇಕು, ಕೆಲವರಿಗೆ ಮೂವತ್ತು. ಮುಗಿಸಿದವರ ಹೆಸರನ್ನು ಸ್ಕಾಟಿಷ್ ಮೌಂಟನಿಯರಿಂಗ್ ಕ್ಲಬ್ ಕ್ರಮಸಂಖ್ಯೆ ಕೊಟ್ಟು ಬರೆದಿಟ್ಟುಕೊಳ್ಳುತ್ತದೆ. ಆ ಸಂಖ್ಯೆ ಈಗ 7,000 ದಾಟಿದೆ.

ಈ ಆಟಕ್ಕೆ ಕಾರಣ ಸರ್ ಹ್ಯೂ ಮನ್ರೋ ಎಂಬ ಜಮೀನ್ದಾರ. ಸ್ಕಾಟ್ಲೆಂಡ್‌ನಲ್ಲಿ 3,000 ಅಡಿ ಮೀರಿದ ಬೆಟ್ಟಗಳು ಎಷ್ಟಿವೆ ಎಂದು ಆ ಕಾಲದಲ್ಲಿ ಯಾರೂ ಸರಿಯಾಗಿ ಎಣಿಸಿರಲಿಲ್ಲ. ಮೂವತ್ತರಷ್ಟು ಇರಬಹುದು ಅಂತ ಅನೇಕರ ಅಂದಾಜು. 1889ರಲ್ಲಿ ಕ್ಲಬ್ ಹುಟ್ಟಿತು. 1891ರಲ್ಲಿ ಅದರ ಪತ್ರಿಕೆಯಲ್ಲಿ ಮನ್ರೋ ತನ್ನ ಪಟ್ಟಿ ಅಚ್ಚು ಹಾಕಿಸಿದ. ಸ್ವತಂತ್ರ ಬೆಟ್ಟಗಳು 283, ಪಕ್ಕದ ತುದಿಗಳನ್ನೂ ಸೇರಿಸಿದರೆ 538. ಅಂದಿನಿಂದ ಆ ಬೆಟ್ಟಗಳಿಗೆ ‘ಮನ್ರೋ’ ಅಂತಲೇ ಹೆಸರು. ಒಬ್ಬ ಮನುಷ್ಯನ ಅಡ್ಡಹೆಸರು ಬೆಟ್ಟಕ್ಕೆ ಜಾತಿವಾಚಕ ಆಗಿಬಿಟ್ಟಿತು.

914.4 ಎಂಬ ವಿಚಿತ್ರ ಅಂಕಿ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ. ಅದು 3,000 ಅಡಿ, ಅಷ್ಟೆ. ಅಡಿಯಲ್ಲಿ ನೋಡಿದರೆ ದುಂಡಗಿನ ಸಂಖ್ಯೆ. ಮೀಟರ್ ಬಂದ ಮೇಲೆ ಗಡಿ ಸೊಟ್ಟ ಕಾಣುತ್ತದೆ.

ಆದರೆ ಎತ್ತರ ಇಲ್ಲಿ ಸುಲಭದ ಭಾಗ. ಕಷ್ಟ ಇರುವುದು ಬೇರೆ ಕಡೆ. ಒಂದು ಉದ್ದನೆಯ ಏಣಿನ, ಅಂದರೆ ಬೆಟ್ಟದ ಬೆನ್ನಿನ, ಮೇಲೆ ನಾಲ್ಕು ಉಬ್ಬುಗಳಿವೆ ಅಂದುಕೊಳ್ಳಿ. ನಾಲ್ಕೂ 3,000 ಅಡಿ ಮೀರಿವೆ. ಅದು ಒಂದು ಬೆಟ್ಟವೋ, ನಾಲ್ಕೋ? ಮನ್ರೋ ಇದಕ್ಕೆ ನಿಯಮ ಬರೆದಿಡಲೇ ಇಲ್ಲ. ನೋಡಿ, ನಡೆದು, ತನಗೆ ತೋಚಿದ ಹಾಗೆ ವಿಂಗಡಿಸಿದ. ಪಟ್ಟಿ ಆಗಾಗ ಬದಲಾಗುವುದಕ್ಕೆ ಇದೂ ಒಂದು ಕಾರಣ.

ಆಮೇಲೆ ಬಂದವರು ಅಳತೆಗೋಲು ಹಿಡಿದರು. ಜಾನ್ ರೂಕ್ ಕಾರ್ಬೆಟ್ ಎಂಬಾತ 2,500ರಿಂದ 3,000 ಅಡಿವರೆಗಿನ ಬೆಟ್ಟಗಳ ಪಟ್ಟಿ ಮಾಡಿದ. ಅವನ ಷರತ್ತು ಸ್ಪಷ್ಟ. ಬೆಟ್ಟದ ಸುತ್ತ ಎಲ್ಲ ಕಡೆ ಕನಿಷ್ಠ 500 ಅಡಿ ಇಳಿತ ಇರಬೇಕು. ಇಳಿತ ಅಂದರೆ ಏನು? ನೀವು ತುದಿಯಲ್ಲಿ ನಿಂತಿದ್ದೀರಿ, ಅದಕ್ಕಿಂತ ಎತ್ತರದ ಇನ್ನೊಂದು ಬೆಟ್ಟಕ್ಕೆ ನಡೆದು ಹೋಗಬೇಕು. ಯಾವ ದಾರಿ ಹಿಡಿದರೂ ಮಧ್ಯೆ ಕನಿಷ್ಠ ಇಷ್ಟಾದರೂ ಕೆಳಗೆ ಇಳಿಯಲೇಬೇಕು ಅನ್ನುವ ಅಳತೆ ಅದು. ಇಳಿತ ಜಾಸ್ತಿ ಇದ್ದಷ್ಟೂ ಆ ಬೆಟ್ಟ ಒಂಟಿಯಾಗಿ, ಗತ್ತಿನಿಂದ ನಿಂತಿದೆ ಅಂತ. ಈ ಲೆಕ್ಕದಲ್ಲಿ ಕಾರ್ಬೆಟ್‌ಗಳು 222. ಅದಕ್ಕಿಂತ ಕುಳ್ಳಗಿನವು ಗ್ರಹಾಂ. ದಕ್ಷಿಣದ ತಗ್ಗು ಸೀಮೆಯವು ಡೊನಾಲ್ಡ್. 1992ರಲ್ಲಿ ಆಲನ್ ಡಾಸನ್ ಎಂಬಾತ ಎತ್ತರದ ಗೊಡವೆಯನ್ನೇ ಬಿಟ್ಟ. ಬ್ರಿಟನ್ನಿನ ಯಾವ ಬೆಟ್ಟಕ್ಕಾದರೂ ಸರಿ, 150 ಮೀಟರ್ ಇಳಿತ ಇದ್ದರೆ ಸಾಕು ಅಂದ. ಅವುಗಳಿಗೆ ಇಟ್ಟ ಹೆಸರು ‘ಮರಿಲಿನ್’. ಮನ್ರೋ ಜೊತೆ ಮರಿಲಿನ್, ಹಾಲಿವುಡ್ ನಟಿಯ ಹೆಸರು! ಸುಮ್ನೆ ತಮಾಷೆಗೆ ಇಟ್ಟ ಹೆಸರು ಗಟ್ಟಿಯಾಗಿ ಕೂತುಬಿಟ್ಟಿತು.

ತಮಾಷೆಯ ಹೆಸರಿನ ಪಟ್ಟಿಯೇ ಎಲ್ಲಕ್ಕಿಂತ ಕಠಿಣ. ಸೇಂಟ್ ಕಿಲ್ಡಾ ಅಂತ ಅಟ್ಲಾಂಟಿಕ್ ಸಮುದ್ರದಲ್ಲಿ ದೂರದ ದ್ವೀಪಗಳಿವೆ. ಅಲ್ಲಿ ನೀರಿನಿಂದ ನೇರ ಎದ್ದು ನಿಂತ ಎರಡು ಬಂಡೆಗಳೂ ಮರಿಲಿನ್‌ಗಳೇ. ಕಡಲಹಕ್ಕಿಗಳ ಸಾಮ್ರಾಜ್ಯ ಅದು. ದೋಣಿಯಿಂದ ಜಾರುವ ಕಲ್ಲಿಗೆ ಹಾರಿ ಹತ್ತಬೇಕು. ಪಟ್ಟಿ ಬಂದು 22 ವರ್ಷದ ಮೇಲೆ, 2014ರಲ್ಲಿ, ಮೊದಲ ಸಲ ಇಬ್ಬರು ಅದನ್ನು ಪೂರ್ತಿ ಮುಗಿಸಿದರು.

ಇನ್ನು ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ಸಾವಿರ ಮೀಟರಿನ ಬೆಟ್ಟ ಹತ್ತುವುದರಲ್ಲಿ ಏನು ಮಹಾ? ಬ್ರಿಟನ್ನಿನಲ್ಲೇ ಎತ್ತರದ ಬೆನ್ ನೆವಿಸ್ 1,345 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930. ಅಂಕಿ ನೋಡಿದರೆ ನಗು ಬರುತ್ತದೆ. ಆದರೆ ಬೆನ್ ನೆವಿಸ್ ಹತ್ತುವವರು ಹೆಚ್ಚುಕಮ್ಮಿ ಸಮುದ್ರಮಟ್ಟದಿಂದ ಶುರು ಮಾಡುತ್ತಾರೆ. ಇಡೀ ಬೆಟ್ಟವನ್ನು ಕಾಲಲ್ಲೇ ಹತ್ತಬೇಕು. ಅದಕ್ಕಿಂತ ಮುಖ್ಯ, ಅದು ಇರುವುದು ಉತ್ತರಕ್ಕೆ 57 ಡಿಗ್ರಿ ಅಕ್ಷಾಂಶದ ಹತ್ತಿರ, ಅಟ್ಲಾಂಟಿಕ್‌ನ ಗಾಳಿ ಬಂದು ಮೊದಲು ಬಡಿಯುವ ಜಾಗದಲ್ಲಿ. ತುದಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಅಥವಾ ಹಿಮ. ಪೂರ್ವದ ಕೇರ್ನ್‌ಗಾರ್ಮ್ ತುದಿಯಲ್ಲಿ 1986ರ ಮಾರ್ಚ್ 20ರಂದು ಗಾಳಿಯ ಒಂದು ಹೊಡೆತ ಗಂಟೆಗೆ 173 ಮೈಲಿ, ಅಂದರೆ ಸುಮಾರು 278 ಕಿಲೋಮೀಟರ್ ದಾಖಲಾಯಿತು. ಆ ಗಾಳಿಗೆ ಎದುರು ನಿಲ್ಲುವ ಮಾತು ಬಿಡಿ, ತೆವಳುವುದೂ ಆಗದು.

ಹಾಗಾಗಿ ಪಟ್ಟಿ ಹಿಡಿದವನ ವರ್ಷವನ್ನು ನಡೆಸುವುದು ಪಟ್ಟಿ ಅಲ್ಲ. ಯಾವ ಬೆಟ್ಟ ಉಳಿದಿದೆ ಅಂತ ಪಟ್ಟಿ ಹೇಳುತ್ತದೆ. ಯಾವಾಗ ಹೋಗಬಹುದು ಅಂತ ಹೇಳುವುದು ಬೆಳಕು, ಹಿಮ, ನುಸಿ ಮತ್ತು ಜಿಂಕೆ. ಈ ನಾಲ್ಕೂ ಸೇರಿ ಒಂದು ಪಂಚಾಂಗ ಬರೆದಿಟ್ಟಿವೆ ಅನ್ನಬಹುದು.

ಮೊದಲು ಬೆಳಕು, ಏಕೆಂದರೆ ಅದರ ಲೆಕ್ಕ ಕಣ್ಣಿಗೆ ಕಾಣುವಂಥದ್ದು. ಕ್ಲಬ್ ಕಟ್ಟಿದವರಲ್ಲಿ ಒಬ್ಬನಾದ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರ ಕೊಟ್ಟ. ಮೂರು ಮೈಲಿ ನಡೆಯಲು ಒಂದು ಗಂಟೆ. ಅದರ ಮೇಲೆ, ಹತ್ತುವ ಪ್ರತಿ 2,000 ಅಡಿಗೆ ಇನ್ನೊಂದು ಗಂಟೆ ಸೇರಿಸಿ. ಇಂದಿಗೂ ಚಾರಣಿಗರು ಇದನ್ನೇ ಬಳಸುತ್ತಾರೆ. ಹಾಗಾದರೆ 15 ಮೈಲಿ ದೂರ, 4,000 ಅಡಿ ಏರು ಇರುವ ಒಂದು ಸಾಧಾರಣ ದಿನ ತೆಗೆದುಕೊಳ್ಳಿ. ನಡಿಗೆಗೆ ಐದು, ಏರಿಗೆ ಎರಡು, ಒಟ್ಟು ಏಳು ಗಂಟೆ. ಊಟಕ್ಕೆ ಕೂತದ್ದು, ದಾರಿ ತಪ್ಪಿದ್ದು, ಫೋಟೋ ತೆಗೆದದ್ದು ಇದರಲ್ಲಿ ಸೇರಿಲ್ಲ. ಡಿಸೆಂಬರ್ ಕೊನೆಗೆ ಬೆನ್ ನೆವಿಸ್ ಕೆಳಗಿನ ಫೋರ್ಟ್ ವಿಲಿಯಂ ಊರಿನಲ್ಲಿ ಸೂರ್ಯ ಕಾಣುವುದು ಏಳು ಗಂಟೆಗಿಂತಲೂ ಕಮ್ಮಿ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಹುಟ್ಟಿ ಮಧ್ಯಾಹ್ನ ನಾಲ್ಕರೊಳಗೆ ಮುಳುಗಿಬಿಡುತ್ತಾನೆ. ಅಂದರೆ ಸಾಧಾರಣ ದಿನವೂ ಚಳಿಗಾಲದಲ್ಲಿ ಕತ್ತಲಲ್ಲಿ ಶುರುವಾಗಿ ಕತ್ತಲಲ್ಲಿ ಮುಗಿಯುತ್ತದೆ. ಹಣೆಗೆ ಕಟ್ಟುವ ಟಾರ್ಚ್ ಮರೆತವರ ಕತೆ ಅಲ್ಲಿಗೆ ಮುಗಿಯಿತು. ಅದೇ ಜೂನ್‌ನಲ್ಲಿ ಹದಿನೇಳೂವರೆ ಗಂಟೆ ಹಗಲು. ಸಂಜೆ ಆಫೀಸು ಮುಗಿಸಿಕೊಂಡು ಬಂದು ಒಂದು ಬೆಟ್ಟ ಹತ್ತಿ ಇಳಿಯಬಹುದು.

ಆದ್ದರಿಂದ ಚಳಿಗಾಲದಲ್ಲಿ ಜಾಣರು ಚಿಕ್ಕ ಬೆಟ್ಟ ಆರಿಸಿಕೊಳ್ಳುತ್ತಾರೆ. ರಸ್ತೆಗೆ ಹತ್ತಿರದ್ದು, ಏಣು ಅಗಲ ಇರುವುದು, ಕೆಲವೊಮ್ಮೆ ಮನ್ರೋ ಬಿಟ್ಟು ಗ್ರಹಾಂ. ಹಿಮ ಬಿದ್ದ ಮೇಲೆ ಅದು ನಡಿಗೆ ಅಲ್ಲ, ಪರ್ವತಾರೋಹಣ. ಕೈಯಲ್ಲಿ ಐಸ್ ಆಕ್ಸ್, ಬೂಟಿಗೆ ಕ್ರ್ಯಾಂಪಾನ್ ಎಂಬ ಉಕ್ಕಿನ ಮುಳ್ಳು. ಗಾಳಿ ಹಿಮವನ್ನು ಏಣಿನ ಆಚೆಗೆ ತಳ್ಳಿ ಸೂರಿನ ಹಾಗೆ ಚಾಚಿಸಿರುತ್ತದೆ. ಮೇಲಿಂದ ನೋಡಿದರೆ ನೆಲ ಅಂತಲೇ ಅನಿಸುತ್ತದೆ. ಕೆಳಗೆ ಏನೂ ಇರುವುದಿಲ್ಲ. ಹಿಮಕುಸಿತದ ಮುನ್ಸೂಚನೆ ಕೊಡಲು ಚಳಿಗಾಲದುದ್ದಕ್ಕೂ ಒಂದು ಪ್ರತ್ಯೇಕ ಸೇವೆಯೇ ಕೆಲಸ ಮಾಡುತ್ತದೆ.

ಬೆನ್ ನೆವಿಸ್ ತುದಿಯಲ್ಲಿ ಮೋಡವೂ ಹಿಮವೂ ಒಂದಾದಾಗ ನೆಲ ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ. ಒಂದು ಕಡೆ ಗಾರ್ಡಿಲೂ ಎಂಬ ಕೊರಕಲು, ಇನ್ನೊಂದು ಕಡೆ ಐದು ಬೆರಳಿನ ಕೊರಕಲು. ನಡುವೆ ಸುರಕ್ಷಿತ ದಾರಿ ಇದೆ, ಆದರೆ ಕಾಣುವುದಿಲ್ಲ. ಅದಕ್ಕೇ ಇಲ್ಲಿಗೆ ಹೋಗುವವರು ಎರಡು ಸಂಖ್ಯೆ ಕಲಿತಿರುತ್ತಾರೆ. ತುದಿಯ ಅಳತೆಗಂಬದಿಂದ ನಕ್ಷೆಯ ಪ್ರಕಾರ 231 ಡಿಗ್ರಿಯಲ್ಲಿ 150 ಮೀಟರ್, ಆಮೇಲೆ 282 ಡಿಗ್ರಿ. ಹೆಜ್ಜೆ ಎಣಿಸಿಕೊಂಡೇ ನಡೆಯಬೇಕು. 282 ಮನ್ರೋಗಳು, 282 ಡಿಗ್ರಿ. ಕಾಕತಾಳೀಯ, ನೆನಪಿಟ್ಟುಕೊಳ್ಳಲು ಅನುಕೂಲ.

ಇಂಥ ಜಾಗದಲ್ಲಿ ಜನ ವಾಸವಿದ್ದರು ಅಂದರೆ ನಂಬುತ್ತೀರಾ? 1883ರಿಂದ 1904ರವರೆಗೆ ಬೆನ್ ನೆವಿಸ್ ನೆತ್ತಿಯ ಮೇಲೆ ಹವಾಮಾನ ಕೇಂದ್ರ ಇತ್ತು. ಗಂಟೆಗೊಮ್ಮೆ, ಹಗಲೂ ರಾತ್ರಿ, ಹೊರಗೆ ಬಂದು ಅಳತೆ ತೆಗೆಯುತ್ತಿದ್ದರು. 1894ರ ಸೆಪ್ಟೆಂಬರಿನಲ್ಲಿ ಸಿ. ಟಿ. ಆರ್. ವಿಲ್ಸನ್ ಎಂಬ ಯುವ ವಿಜ್ಞಾನಿ ಅಲ್ಲಿ ಕೆಲವು ದಿನ ಕೆಲಸಕ್ಕೆ ಹೋದ. ಬೆನ್ನಿಗೆ ಸೂರ್ಯ, ಎದುರಿಗೆ ಮೋಡ, ಮೋಡದ ಮೇಲೆ ಬಿದ್ದ ನೆರಳಿನ ಸುತ್ತ ಬಣ್ಣದ ಬಳೆಗಳು. ಅದನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡಬೇಕು ಅಂತ ಮೋಡ ತಯಾರಿಸುವ ಪೆಟ್ಟಿಗೆ ಕಟ್ಟಿದ. ಅದೇ ಮುಂದೆ ಕಣಗಳ ಜಾಡು ತೋರಿಸುವ ಕ್ಲೌಡ್ ಚೇಂಬರ್ ಆಯಿತು. 1927ರಲ್ಲಿ ನೊಬೆಲ್ ಬಂತು. ಚಳಿಗಾಲದ ತಣ್ಣನೆಯ ಬೆಳಗಿನಲ್ಲಿ, ಕಣಿವೆಗಳೆಲ್ಲ ಮೋಡದಲ್ಲಿ ಮುಳುಗಿ ತುದಿಗಳು ಮಾತ್ರ ದ್ವೀಪಗಳಂತೆ ಮೇಲೆ ಉಳಿದಾಗ, ಇವತ್ತಿಗೂ ಚಾರಣಿಗರಿಗೆ ಆ ಬಳೆಗಳು ಕಾಣುತ್ತವೆ.

ಚಳಿಗಾಲದಲ್ಲೇ ಎಲ್ಲ ಮನ್ರೋಗಳನ್ನೂ ಒಂದೇ ಓಟದಲ್ಲಿ ಮುಗಿಸಿದವನೂ ಇದ್ದಾನೆ. ಮಾರ್ಟಿನ್ ಮೊರಾನ್, 1984–85ರ ಚಳಿಗಾಲ, 83 ದಿನ. ಬೇಸಿಗೆಯ ಈಗಿನ ದಾಖಲೆಗಳು ಇನ್ನೂ ಚುರುಕು. 1974ರಲ್ಲಿ ಹ್ಯಾಮಿಷ್ ಬ್ರೌನ್ ಮೊದಲ ಬಾರಿಗೆ ಮಧ್ಯೆ ಬಿಡದೆ ಎಲ್ಲವನ್ನೂ ನಡೆದಾಗ 112 ದಿನ ಬೇಕಾಯಿತು. 2023ರಲ್ಲಿ ಜೇಮಿ ಆರನ್ಸ್ ಎಂಬಾಕೆ 31 ದಿನ, ಹತ್ತು ಗಂಟೆ ಚಿಲ್ಲರೆಯಲ್ಲಿ ಮುಗಿಸಿದಳು. ಬೆಟ್ಟದಿಂದ ಬೆಟ್ಟಕ್ಕೆ ಸೈಕಲ್ಲು, ಕಯಾಕ್, ಮತ್ತೆ ಓಟ. ಸಾಮಾನ್ಯರ ಲೆಕ್ಕಕ್ಕೆ ಇವರನ್ನು ಸೇರಿಸಬಾರದು ಬಿಡಿ.

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಸುಗ್ಗಿ. ಪಶ್ಚಿಮದ ಬೆಟ್ಟಸೀಮೆಯಲ್ಲಿ ಮಳೆ ಕಮ್ಮಿ ಇರುವ ಕಾಲ ಇದು. ಹಗಲು ಉದ್ದ, ಹಿಮ ಕೊರಕಲುಗಳಲ್ಲಿ ಮಾತ್ರ. ದೊಡ್ಡ ನಡಿಗೆಗಳನ್ನೆಲ್ಲ ಈ ಐದಾರು ವಾರಕ್ಕೇ ಎತ್ತಿಟ್ಟುಕೊಂಡಿರುತ್ತಾರೆ. ಗ್ಲೆನ್ ಶೀಲ್ ಕಣಿವೆಯ ದಕ್ಷಿಣದ ಏಣಿನಲ್ಲಿ ಒಂದೇ ದಿನಕ್ಕೆ ಏಳು ಮನ್ರೋ ಸಿಗುತ್ತವೆ. ಏಳು ಟಿಕ್! ಪಟ್ಟಿಯವರಿಗೆ ಹಬ್ಬ.

ಇನ್ನೊಂದು, ಫಿಷರ್‌ಫೀಲ್ಡ್‌ನ ಆರು. ರಸ್ತೆಯಿಂದ ಬಹಳ ಒಳಗೆ, ಮನೆ ಮಠ ಇಲ್ಲದ ಸೀಮೆ. ಮನ್ರೋಗಳಲ್ಲೇ ಅತಿ ದೂರದ್ದು ಎನಿಸಿಕೊಂಡ ‘ಅ ವೈಜನ್’ ಇರುವುದು ಇಲ್ಲೇ. ಕನ್ಯೆ ಅಂತ ಅರ್ಥ. ಕೆಲವರು ಹಿಂದಿನ ದಿನವೇ ನಡೆದು ಹೋಗಿ ‘ಬಾಥಿ’ಯಲ್ಲಿ ಮಲಗುತ್ತಾರೆ. ಬಾಥಿ ಅಂದರೆ ಬೀಗ ಹಾಕದ ಹಳೇ ಕಲ್ಲುಮನೆ. ಕರೆಂಟಿಲ್ಲ, ನಲ್ಲಿಯಿಲ್ಲ, ಬಾಡಿಗೆಯೂ ಇಲ್ಲ. 1965ರಲ್ಲಿ ಹುಟ್ಟಿದ ಒಂದು ಸಂಘದ ಸ್ವಯಂಸೇವಕರು ಇಂಥ ಅನೇಕ ಮನೆಗಳ ಸೂರು ರಿಪೇರಿ ಮಾಡಿಕೊಂಡು ಬಂದಿದ್ದಾರೆ. ಈ ಆರರ ಸುತ್ತಿನಲ್ಲಿ ಮೊದಲು ಹೇಳಿದ ಕತ್ತಿಯ ಬೆಟ್ಟವೂ ಒಂದು. 2012ರಿಂದ ಲೆಕ್ಕಕ್ಕೆ ಐದೇ. ಆದರೂ ಬಹಳ ಜನ ಆರನ್ನೂ ಹತ್ತುತ್ತಾರೆ. ನನಗೆ ಈ ಹಟ ಇಷ್ಟ.

ಜೂನ್ ಬಂತು ಅಂದರೆ ಮಿಜ್ ಬಂತು. ಕಣ್ಣಿಗೆ ಸರಿಯಾಗಿ ಕಾಣದ ನುಸಿ. ಒಂದು ಕಚ್ಚಿದರೆ ಏನೂ ಅಲ್ಲ, ಆದರೆ ಒಂದು ಅಂತ ಯಾವತ್ತೂ ಬರುವುದಿಲ್ಲ. ಒದ್ದೆ ನೆಲ, ನಿಂತ ಗಾಳಿ, ಮುಸ್ಸಂಜೆ ಇವು ಮೂರೂ ಕೂಡಿದರೆ ಟೆಂಟ್ ಕಟ್ಟುವವನ ತಲೆಯ ಸುತ್ತ ಹೊಗೆಯ ಹಾಗೆ ಕವಿದುಕೊಳ್ಳುತ್ತವೆ. ಸ್ವಲ್ಪ ಗಾಳಿ ಬೀಸಿದರೂ ಅವಕ್ಕೆ ಹಾರಲು ಆಗದು. ಹಾಗಾಗಿ ತುದಿಯಲ್ಲಿ ಆರಾಮ, ಕಣಿವೆಯಲ್ಲಿ ನರಕ. ಮೇಲೆ ಬೈದುಕೊಂಡ ಗಾಳಿಯನ್ನೇ ಕೆಳಗೆ ಬಂದು ಬೇಡಿಕೊಳ್ಳಬೇಕು. ಹುಲ್ಲಿನಲ್ಲಿ ಉಣುಗುಗಳೂ ಇವೆ. ಲೈಮ್ ಕಾಯಿಲೆ ಹರಡುತ್ತವೆ. ಮನೆಗೆ ಬಂದ ಮೇಲೆ ಮೈಯೆಲ್ಲ ಹುಡುಕಿ ನೋಡುವುದು ಆಟದ ಒಂದು ಭಾಗ.

ಬೇಸಿಗೆಯ ಒಣ ದಿನ ಸಿಕ್ಕರೆ ಸ್ಕೈ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಕೂಲಿನ್ ಬೆಟ್ಟಗಳು ಕಪ್ಪು ಗ್ಯಾಬ್ರೋ ಶಿಲೆಯವು. ಕಲ್ಲು ಒರಟು, ಕೈಗೆ ಒಳ್ಳೆಯ ಹಿಡಿತ. ಆದರೆ ಅದರಲ್ಲಿ ಕಾಂತಗುಣ ಇದೆ, ದಿಕ್ಸೂಚಿ ನಂಬುವಂತಿಲ್ಲ. ಅಲ್ಲಿ ಸ್ಕೂರ್ ಜೆರಕ್ ಬೆಟ್ಟದ ನೆತ್ತಿಯಲ್ಲಿ ಮೀನಿನ ರೆಕ್ಕೆಯ ಹಾಗೆ ಒಂದು ತೆಳು ಬಂಡೆ ನಿಂತಿದೆ. ‘ಇನ್‌ಆಕ್ಸೆಸಿಬಲ್ ಪಿನಕಲ್’, ಹತ್ತಲಾಗದ ಗೋಪುರ. 1880ರಲ್ಲೇ ಪಿಲ್ಕಿಂಗ್ಟನ್ ಸೋದರರು ಹತ್ತಿದ್ದರು, ಹೆಸರು ಮಾತ್ರ ಉಳಿಯಿತು. 282ರಲ್ಲಿ ಹಗ್ಗ ಕಟ್ಟಿ ಬಂಡೆ ಹತ್ತಲೇಬೇಕಾದದ್ದು ಇದೊಂದೇ. ಎತ್ತರ ಎಂದರೆ ಭಯಪಡುವ ಎಷ್ಟೋ ಜನ 281 ಮುಗಿಸಿ ಇದರ ಬುಡದಲ್ಲಿ ನಿಂತು ಮೇಲೆ ನೋಡುತ್ತಾರೆ. ಗೈಡ್ ಜೊತೆ ಹತ್ತಿ, ಹಗ್ಗದಲ್ಲಿ ಜಾರಿ ಇಳಿದು, ಕೈ ನಡುಗುತ್ತಿರುವಾಗಲೇ ಟಿಕ್ ಹಾಕುತ್ತಾರೆ.

ಆಗಸ್ಟಿನಲ್ಲಿ ಹೆದರ್ ಎಂಬ ಕುರುಚಲು ಗಿಡ ಹೂ ಬಿಟ್ಟು ಗುಡ್ಡಗಳು ನೇರಳೆ ಬಣ್ಣಕ್ಕೆ ತಿರುಗುತ್ತವೆ. ಆಗಲೇ ಜಿಂಕೆಯ ವಿಷಯ ಶುರು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ಕಾಟ್ಲೆಂಡ್‌ನ ಬೆಟ್ಟಗಳಲ್ಲಿ ಬಹುಪಾಲು ಖಾಸಗಿ ಎಸ್ಟೇಟುಗಳಲ್ಲಿವೆ. ಹಾಗಿದ್ದರೂ ಅಲ್ಲಿ ಯಾರು ಬೇಕಾದರೂ ನಡೆಯಬಹುದು. 2003ರ ಭೂಸುಧಾರಣೆ ಕಾಯ್ದೆ ಆ ಹಕ್ಕು ಕೊಟ್ಟಿದೆ, ಜವಾಬ್ದಾರಿಯಿಂದ ನಡೆದುಕೊಳ್ಳಿ ಎಂಬ ಷರತ್ತಿನ ಮೇಲೆ. ಇನ್ನೊಂದು ಕಡೆ, ತೋಳ ಅಳಿದುಹೋಗಿ ಶತಮಾನಗಳಾದವು. ಕೆಂಪು ಜಿಂಕೆಗಳನ್ನು ತಿನ್ನುವ ಪ್ರಾಣಿ ಉಳಿದಿಲ್ಲ. ಸಂಖ್ಯೆ ಬೆಳೆದರೆ ಎಳೆ ಗಿಡ ಒಂದೂ ಉಳಿಯುವುದಿಲ್ಲ. ಹಾಗಾಗಿ ಬಂದೂಕು. ಗಂಡು ಜಿಂಕೆಗಳ ಬೇಟೆ ಜೋರಾಗಿ ನಡೆಯುವುದು ಆಗಸ್ಟಿನಿಂದ ಅಕ್ಟೋಬರ್ 20ರವರೆಗೆ. ಬೇಟೆಯವನು ಬೆಳಗಿನಿಂದ ಹೊಟ್ಟೆಯ ಮೇಲೆ ತೆವಳಿಕೊಂಡು ಹತ್ತಿರ ಹೋಗಿರುತ್ತಾನೆ. ಮೇಲಿನಿಂದ ಕೆಂಪು ಜಾಕೆಟ್ಟಿನವನೊಬ್ಬ ಹಾಡಿಕೊಂಡು ಇಳಿದರೆ ಇಡೀ ಮಂದೆ ಪಕ್ಕದ ಕಣಿವೆಗೆ ಓಟ. ಹಾಗಾಗಿ ಈ ತಿಂಗಳುಗಳಲ್ಲಿ ಚಾರಣಿಗರು ಮೊದಲೇ ವಿಚಾರಿಸಿಕೊಂಡು ಹೋಗುತ್ತಾರೆ, ಏಣಿನ ಮೇಲೆಯೇ ನಡೆಯುತ್ತಾರೆ. ಭಾನುವಾರ ಸಾಮಾನ್ಯವಾಗಿ ಬೇಟೆ ಇರುವುದಿಲ್ಲ. ಅಕ್ಟೋಬರಿನಲ್ಲಿ ಗಂಡು ಜಿಂಕೆಗಳು ಹೆಣ್ಣಿಗಾಗಿ ಕಾದಾಡುತ್ತಾ ಗುಟುರು ಹಾಕುವ ಸದ್ದು ಕಣಿವೆಯಿಂದ ಕಣಿವೆಗೆ ಕೇಳುತ್ತದೆ.

ಶರತ್ಕಾಲದಲ್ಲಿ ಇನ್ನೊಂದು ಚಿಕ್ಕ ಎಣಿಕೆಯೂ ನಡೆಯುತ್ತದೆ, ಕರಗದೆ ಉಳಿದ ಹಿಮದ್ದು. ಬ್ರೇರಿಯಖ್ ಬೆಟ್ಟದ ಒಂದು ನೆರಳಿನ ಮೂಲೆಯಲ್ಲಿ ‘ಸ್ಫಿಂಕ್ಸ್’ ಅಂತ ಹೆಸರಿಟ್ಟ ಹಿಮದ ತುಂಡಿದೆ. 20ನೇ ಶತಮಾನದಲ್ಲಿ ಅದು ಪೂರ್ತಿ ಕರಗಿದ್ದು ಮೂರೇ ಸಲ, 1933, 1959, 1996. ಈ ಶತಮಾನದಲ್ಲಿ 2021ರವರೆಗೇ ಐದು ಸಲ, 2003, 2006, 2017, 2018, 2021. ಅಂಕಿಗಳ ಅಂತರ ಹೇಗೆ ಕುಗ್ಗುತ್ತಿದೆ ನೋಡಿ.

ನವೆಂಬರಿಗೆ ಮತ್ತೆ ಕತ್ತಲು, ಕೆಸರು, ಮಳೆ. ಮೊದಲ ಹಿಮ ಬಿದ್ದರೂ ಗಟ್ಟಿಯಾಗಿರುವುದಿಲ್ಲ, ಹೊಳೆ ತುಂಬಿ ದಾಟಲಾಗದು. ಮನೆಯಲ್ಲಿ ನಕ್ಷೆ ಹರಡಿಕೊಂಡು ಕೂರುವ ತಿಂಗಳು ಅದು.

ಬೆಟ್ಟವನ್ನು ಹೀಗೆ ಟಿಕ್ ಹಾಕಿ ಹತ್ತುವುದು ಅಸಹ್ಯ ಅನ್ನುವವರೂ ಉಂಟು. ಚೆಲುವನ್ನು ನೋಡಬೇಕು, ಲೆಕ್ಕ ಯಾಕೆ ಅಂತ. ಅರ್ಧ ಒಪ್ಪುತ್ತೇನೆ. ಒಂದೇ ದಾರಿಯಲ್ಲಿ ಸಾವಿರಾರು ಜನ ನಡೆದು ಎಷ್ಟೋ ಬೆಟ್ಟದ ಬೆನ್ನು ಗಾಯದ ಹಾಗೆ ಕಾಣುತ್ತದೆ. ಆದರೆ ಪಟ್ಟಿ ಇಲ್ಲದಿದ್ದರೆ ಎಲ್ಲರೂ ಮತ್ತೆ ಮತ್ತೆ ಅದೇ ನಾಲ್ಕು ಪ್ರಸಿದ್ಧ ಬೆಟ್ಟಕ್ಕೆ ಹೋಗುತ್ತಿದ್ದರು, ಅಲ್ವಾ? ಸಾರ್ವಜನಿಕ ರಸ್ತೆಯೇ ಇಲ್ಲದ ಕೊರೌರ್ ರೈಲು ನಿಲ್ದಾಣದಲ್ಲಿ ಯಾಕೆ ಇಳಿಯುತ್ತಿದ್ದರು? ನಾಯ್ಡಾರ್ಟ್‌ನ ಮೂರು ಮನ್ರೋಗಳಿಗೆ ಅಂತ ಮಾಲೆಗ್ ಬಂದರಿನಿಂದ ದೋಣಿ ಯಾಕೆ ಹಿಡಿಯುತ್ತಿದ್ದರು? ಇನ್ನೊಂದು ಟಿಕ್ಕಿನ ಆಸೆಗೆ ಹೋದವರು ದೇಶದ ಮೂಲೆಮೂಲೆ ನೋಡಿ ಬರುತ್ತಾರೆ.

ಕೊನೆಯ ಬೆಟ್ಟವನ್ನು ಜೋಪಾನವಾಗಿ ಆರಿಸಿಕೊಳ್ಳುತ್ತಾರೆ. ಮಕ್ಕಳು, ಸ್ನೇಹಿತರು, ಮಂಡಿನೋವಿನ ದೊಡ್ಡಪ್ಪ ಎಲ್ಲರೂ ಹತ್ತುವಂಥ ಸುಲಭದ್ದು ಬೇಕು. ತುದಿಯಲ್ಲಿ ವಿಸ್ಕಿ, ಕೇಕು, ಒದ್ದೆಯಾದ ಗುಂಪು ಫೋಟೋ. ಮೊದಲು ಮುಗಿಸಿದ ಪಾದ್ರಿ ಎ. ಇ. ರಾಬರ್ಟ್‌ಸನ್ 1901ರಲ್ಲಿ ಗ್ಲೆನ್‌ಕೋ ಕಣಿವೆಯ ಮೇಲಿನ ಮ್ಯಾಲ್ ಜೆರಕ್ ತುದಿಯಲ್ಲಿ ಮೊದಲು ಕಲ್ಲುಗುಡ್ಡೆಗೆ ಮುತ್ತಿಟ್ಟು ಆಮೇಲೆ ಹೆಂಡತಿಗೆ ಮುತ್ತಿಟ್ಟನಂತೆ. ಆದರೆ ಬೆನ್ ವಿವಿಸ್ ಬೆಟ್ಟದಲ್ಲಿ ಮಳೆಗೆ ಹೆದರಿ ತುದಿ ಮುಟ್ಟದೆ ವಾಪಸ್ ಬಂದದ್ದು ಅವನ ದಿನಚರಿಯಲ್ಲೇ ಇದೆ. ಮತ್ತೆ ಹೋದನೋ ಇಲ್ಲವೋ ಅಂತ ಬ್ಯಾಗಿಂಗ್‌ನವರು ನೂರು ವರ್ಷ ದಾಟಿದರೂ ಜಗಳವಾಡುತ್ತಿದ್ದಾರೆ.

ಮನ್ರೋ? ಪಟ್ಟಿ ಬರೆದವನೇ ಪಟ್ಟಿ ಮುಗಿಸಲಿಲ್ಲ. ಅವನು ಬೆಟ್ಟಗಳ ಜೊತೆ ಪಕ್ಕದ ತುದಿಗಳನ್ನೂ ಹತ್ತುತ್ತಿದ್ದ. 1919ರಲ್ಲಿ ತೀರಿಕೊಂಡಾಗ ಬೆರಳೆಣಿಕೆಯಷ್ಟೇ ಉಳಿದಿದ್ದವು. ಸ್ಕೈ ದ್ವೀಪದ ಆ ಹತ್ತಲಾಗದ ಗೋಪುರ ಅವನಿಗೆ ದಕ್ಕಲಿಲ್ಲ. ಇನ್ನೊಂದು ಕೇರ್ನ್‌ಗಾರ್ಮ್ ಸೀಮೆಯ ಕಾರ್ನ್ ಕ್ಲೋಯ್ಖ್ ವೂಲಿನ್, ಬೀಸುಕಲ್ಲಿನ ಗುಡ್ಡೆ. ಅದೇನೂ ಕಷ್ಟದ್ದಲ್ಲ. ಎಲ್ಲ ಮುಗಿಸಿ ಕೊನೆಗೆ ಹತ್ತೋಣ ಅಂತ ಉಳಿಸಿಕೊಂಡಿದ್ದ. 1981ರಲ್ಲಿ ಪಟ್ಟಿ ತಿದ್ದಿದವರು ಇದು ಬೇರೆ ಬೆಟ್ಟವಲ್ಲ, ಪಕ್ಕದ ಬೆನ್ ವ್ರೊಟನ್‌ನ ಒಂದು ತುದಿ ಅಷ್ಟೆ ಅಂತ ಅದನ್ನು ಮನ್ರೋಗಳಿಂದ ತೆಗೆದುಹಾಕಿದರು. ಈಗ ಬೆನ್ ವ್ರೊಟನ್‌ಗೆ ಹೋಗುವವರಲ್ಲಿ ಮನಸ್ಸಿದ್ದವರು ಅದರ ಮೇಲೆ ಹಾದು ಹೋಗುತ್ತಾರೆ, ಇಲ್ಲದವರು ಬಿಟ್ಟು ಹೋಗುತ್ತಾರೆ.